ಮನೆ ಸಾಲಕ್ಕೊಬ್ಬ ಗಂಡ

ಬ್ಯಾಂಕಿನಿಂದ ಸಾಲ ಮಂಜೂರಾದ ಪತ್ರ ಬಂದ ದಿನ ತುರಿಯಾ ಎರಡು ಸಲ ಸೂಜಿ ಮುರಿದಳು. ಜಾವಾದ ತಂಗೆರಾಂಗ್ ಊರಿನ ಬೂಟಿನ ಕಾರ್ಖಾನೆಯಲ್ಲಿ ಹದಿನಾರು ವರ್ಷದಿಂದ ಒಂದೇ ಸಾಲಿನಲ್ಲಿ ಕೂತು ಹೊಲಿಯುತ್ತಿದ್ದವಳು. ವರ್ಷಕ್ಕೊಂದು ಸೂಜಿ ಮುರಿದರೆ ಹೆಚ್ಚು. ಏನಾಗಿದೆ ನಿನಗಿವತ್ತು ಎಂದು ಮೇಲ್ವಿಚಾರಕಿ ಕೇಳಿದಾಗ ಬಾಯಿ ತೆರೆದರೆ ಅಳು ಬರುವ ಹಾಗಿತ್ತು. ಊಟದ ಹೊತ್ತಿಗೆ ಇಡೀ ಸಾಲಿಗೆ ಸುದ್ದಿ ಹಬ್ಬಿ, ಮನೆಯೊಕ್ಕಲಿಗೆ ಕೋಳಿ ಕೊಯ್ಯಬೇಕು, ಬರೀ ಸೋಯಾ ಕಾಳಿನ ತೆಂಪೆ ಹುರಿದು ಹಾಕಿದರೆ ನಾವು ಬರೋದಿಲ್ಲ ಎಂದು ಗೆಳತಿಯರು ಕಾಡಿದರು.

ಮನೆ ಅಂದರೆ ಎರಡು ಪುಟ್ಟ ಕೋಣೆ, ಮುಂದೆ ಒಂದು ಬೈಕು ನಿಲ್ಲಿಸುವಷ್ಟು ಜಾಗ. ಕಡಿಮೆ ಸಂಬಳದವರಿಗೆಂದು ಸರ್ಕಾರ ಬಡ್ಡಿ ಇಳಿಸಿ ಕೊಡಿಸುವ ಮನೆಗಳ ಪೈಕಿ ಒಂದು. ವರ್ಷಕ್ಕೆ ಇಂತಿಷ್ಟು ಎಂದು ಲೆಕ್ಕ ಇರುತ್ತದೆ, ಮುಗಿದರೆ ಮುಗಿಯಿತು. ತುರಿಯಾ ಮತ್ತು ಅವಳ ಹದಿನಾಲ್ಕು ವರ್ಷದ ಮಗಳು ನಿಂಗ್ರುಮ್ ಇದ್ದ ಬಾಡಿಗೆ ಕೋಣೆಯ ಸಾಲನ್ನು ಮಾಲೀಕ ಲಾರಿ ನಿಲ್ಲಿಸುವವರಿಗೆ ಮಾರಿದ್ದ. ರಂಜಾನ್ ಹಬ್ಬ ಕಳೆದ ಮೇಲೆ ಖಾಲಿ ಮಾಡಬೇಕು. ಹನ್ನೆರಡು ವರ್ಷದಲ್ಲಿ ಅವರು ಅಂಥ ಏಳು ಕೋಣೆ ಬದಲಿಸಿದ್ದರು. ಪ್ರತಿ ಸಲ ಸಾಮಾನು ಕಟ್ಟುವಾಗಲೂ ನಿಂಗ್ರುಮ್ ಮಾತು ಬಿಡುತ್ತಿದ್ದಳು. ಕಳೆದ ಸಲ ಹದಿನೇಳು ದಿನ ಮಾತಾಡಿರಲಿಲ್ಲ.

ಪತ್ರವನ್ನು ಮೂರನೆಯ ಸಲ ಓದುವಾಗ ತುರಿಯಾಳ ಕಣ್ಣಿಗೆ ಕೊನೆಯ ಸಾಲು ಬಿತ್ತು. ಕರಾರಿಗೆ ಸಹಿ ಹಾಕುವ ದಿನ ಗಂಡ ಹೆಂಡತಿ ಇಬ್ಬರೂ ಅಸಲಿ ಗುರುತಿನ ಚೀಟಿ ಹಿಡಿದು ಖುದ್ದಾಗಿ ಹಾಜರಿರತಕ್ಕದ್ದು. ದಿನ: ಮುಂದಿನ ವಾರದ ಗುರುವಾರ.

ಗಂಡ ಚಸ್ಮಾದಿ ಮನೆ ಬಿಟ್ಟು ನಾಲ್ಕು ವರ್ಷವಾಗಿತ್ತು. ಆಳ ಸಮುದ್ರದಲ್ಲಿ ಮೀನು ಹಿಡಿಯುವ ದೋಣಿಗೆ ಆರು ತಿಂಗಳ ಮಟ್ಟಿಗೆ ಹೋಗಿ ಬರುತ್ತೇನೆಂದು ಹೋದವನು. ಮೊದಲ ವರ್ಷ ಫೋನು ಬರುತ್ತಿತ್ತು, ಆಮೇಲೆ ನಂಬರೇ ಇಲ್ಲವಾಯಿತು. ಯಾರಾದರೂ ಕೇಳಿದರೆ ಗಂಡ ಸಮುದ್ರದಲ್ಲಿದ್ದಾನೆ ಎನ್ನುತ್ತಿದ್ದಳು. ಮರ್ಯಾದೆಯ ಉತ್ತರ. ವಿಚ್ಛೇದನಕ್ಕೆ ಕೋರ್ಟಿಗೆ ಅಲೆಯಲು ರಜೆ ಎಲ್ಲಿಂದ ತರುವುದು, ಅಲೆದು ಆಗಬೇಕಾದದ್ದೇನು ಎಂದು ಸುಮ್ಮನಿದ್ದಳು. ಹಾಗಾಗಿ ಅವಳ ಗುರುತಿನ ಚೀಟಿಯಲ್ಲಿ ಇನ್ನೂ 'ವಿವಾಹಿತೆ' ಎಂದೇ ಇತ್ತು. ಮನೆ ಮಾರುವ ಕಂಪನಿಯ ಏಜೆಂಟ್ ಯೋಪಿ, ಥಳಥಳ ಬೂಟಿನ ಹುಡುಗ, ಅರ್ಜಿ ತುಂಬಿಸಿಕೊಳ್ಳುವಾಗ ಚಸ್ಮಾದಿಯ ಹಳೆಯ ಜೆರಾಕ್ಸ್ ಇಸಿದುಕೊಂಡು, ಗಂಡನ ಸಹಿಯ ಜಾಗದಲ್ಲಿ ತಾನೇ ಏನೋ ಗೀಚಿದ್ದ. ಮಿಕ್ಕಿದ್ದು ಆಮೇಲೆ ನೋಡಿಕೊಳ್ಳೋಣ ಅಂದಿದ್ದ.

ಆ ಆಮೇಲೆ ಈಗ ಬಂದಿತ್ತು. ತುರಿಯಾ ಸಂಜೆ ಅವನ ಆಫೀಸಿಗೆ ಓಡಿದಳು. ಯೋಪಿ ಬಾಗಿಲು ಮುಂದೆ ಮಾಡಿ, ಸ್ವರ ತಗ್ಗಿಸಿದ.

"ಅಮ್ಮ, ಚೀಟಿ ಮೇಲಿನ ಫೋಟೋ ಯಾವ ಕಾಲದ್ದೋ. ಅದರಲ್ಲಿ ನಾನಿದ್ರೂ ನಾನು ಅಂತ ನಂಗೇ ಗೊತ್ತಾಗಲ್ಲ. ಅರ್ಧ ಗಂಟೆ ಪಕ್ಕದಲ್ಲಿ ಕೂರೋಕೆ ಒಬ್ಬ ಮನುಷ್ಯ ಬೇಕು, ಅಷ್ಟೇ. ನಾನೇ ನೋಡಿ ಕೊಡ್ತೀನಿ."

"ಬೇಡಪ್ಪ. ನನ್ನ ಗಂಡನ್ನ ನಾನೇ ಹುಡುಕಿ ತರ್ತೀನಿ."

"ನಾಲ್ಕು ವರ್ಷ ಸಿಗದವರು ಹತ್ತು ದಿನದಲ್ಲಿ ಸಿಕ್ತಾರಾ?"

ನಿಜ ಹೇಳಬೇಕೆಂದರೆ ಅವಳು ಈ ನಾಲ್ಕು ವರ್ಷದಲ್ಲಿ ಒಂದು ದಿನವೂ ಅವನನ್ನು ಹುಡುಕಿರಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಗಂಡನ ಊರು ಇಂದ್ರಮಾಯುವಿಗೆ ಹೊರಟಳು. ದಾರಿಯುದ್ದಕ್ಕೂ ಅವನಿಗೆ ಏನು ಹೇಳಬೇಕು ಎಂದು ಜೋಡಿಸಿಕೊಂಡಳು, ಬೈಗುಳ ಮೊದಲೋ ಬೇಡಿಕೆ ಮೊದಲೋ ಎಂದು ತೀರ್ಮಾನವಾಗಲೇ ಇಲ್ಲ. ಅತ್ತೆ ಅಂಗಳದಲ್ಲಿ ಕೂತು ಸೀಗಡಿ ಬಿಡಿಸುತ್ತಿದ್ದಳು. ಸೊಸೆಯನ್ನು ಕಂಡದ್ದೇ ಮುದುಕಿಯ ಕೈ ನಿಂತಿತು. ಊಟ ಮಾಡ್ತೀಯಾ ಅಂದಳು, ನಿಂಗ್ರುಮ್ ಎಷ್ಟುದ್ದ ಆಗಿದ್ದಾಳೆ ಅಂದಳು, ಆಮೇಲೆ ತಲೆ ಎತ್ತದೆಯೇ, ಬಂದರಿನ ಆಚೆ ಮೀನು ಒಣಗಿಸುವ ಕಡೆ ಹೋಗಿ ವಸ್ತಿನಿ ಅಂತ ಕೇಳು ಅಂದಳು. ತುರಿಯಾ ಚೀಲ ಎತ್ತಿಕೊಂಡು ಆ ಕಡೆ ನಡೆದಳು.

ಬಿದಿರಿನ ಚಾಪೆಗಳ ಮೇಲೆ ಮೀನು ಹರಡಿದ್ದ ಬಯಲಿನ ತುದಿಯಲ್ಲಿ ತಗಡಿನ ಮನೆ. ಇಪ್ಪತ್ತೈದು ಇಪ್ಪತ್ತಾರರ ಹೆಂಗಸೊಬ್ಬಳು ಸೊಂಟದಲ್ಲಿ ಎರಡು ವರ್ಷದ ಗಂಡುಮಗು ಎತ್ತಿಕೊಂಡು ಒಂದೇ ಕೈಯಲ್ಲಿ ಮೀನು ತಿರುವಿ ಹಾಕುತ್ತಿದ್ದಳು. ಮಗುವಿಗೆ ಚಸ್ಮಾದಿಯದೇ ಅಗಲವಾದ ಕಿವಿ. ತುರಿಯಾ ತನ್ನ ಹೆಸರು ಹೇಳಿದಳು. ಆ ಹೆಂಗಸು ಕೈಯನ್ನು ಲುಂಗಿಗೆ ಒರೆಸಿಕೊಂಡಳು.

"ಬರ್ತೀರ ಅಂತ ಗೊತ್ತಿತ್ತು ಅಕ್ಕ. ಇಷ್ಟು ತಡ ಮಾಡ್ತೀರ ಅಂತ ಗೊತ್ತಿರಲಿಲ್ಲ. ಒಳಗೆ ಬನ್ನಿ, ಬಿಸಿಲು."

ಜಗಳಕ್ಕೆಂದು ತಯಾರಾಗಿ ಹೋದವಳ ಕೈಗೆ ಚಹಾ ಬಂತು. ಕುಡಿಯುತ್ತ ತುರಿಯಾ ಮನೆಯ ವಿಷಯ, ಸಹಿಯ ವಿಷಯ, ಗುರುವಾರದ ವಿಷಯ ಎಲ್ಲ ಹೇಳಿದಳು. ವಸ್ತಿನಿ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡಳು. ಮಗು ವಾಹ್ಯು ತುರಿಯಾಳ ಚೀಲದ ಜಿಪ್ಪು ಎಳೆದು ಆಡುತ್ತಿತ್ತು.

ಮಧ್ಯಾಹ್ನ ಚಸ್ಮಾದಿ ಬಂದ. ಹೊಸ್ತಿಲಲ್ಲಿ ಇಬ್ಬರನ್ನೂ ಒಟ್ಟಿಗೆ ನೋಡಿ ಒಂದು ಕ್ಷಣ ಹಿಂದಕ್ಕೆ ತಿರುಗುವವನ ಹಾಗೆ ಮಾಡಿದ, ಆಮೇಲೆ ನಕ್ಕ. ಅದೇ ನಗು. ಅವನು ಕೆಟ್ಟ ಮನುಷ್ಯನಲ್ಲ ಎಂದು ತುರಿಯಾಳ ಅಪ್ಪ ಮದುವೆಗೆ ಮುಂಚೆ ವಿಚಾರಿಸಿ ಬಂದು ಹೇಳಿದ್ದರು. ಅದು ಸುಳ್ಳಾಗಿರಲಿಲ್ಲ. ಯಾರು ಏನು ಕೇಳಿದರೂ ಆಗಲಿ ಅನ್ನುತ್ತಿದ್ದ, ಹೊಡೆಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಆಗಲಿ ಅಂದ ಕೆಲಸದ ಹೊತ್ತಿಗೆ ಮಾತ್ರ ಅಲ್ಲಿರುತ್ತಿರಲಿಲ್ಲ.

"ಸಹಿ ತಾನೆ? ಹಾಕೋಣ. ನಿಂಗ್ರುಮ್‌ಗೆ ಮನೆ ಆಗುತ್ತೆ ಅಂದ್ರೆ ನಾನು ಬ್ಯಾಡ ಅಂತೀನಾ?" ಎಂದ, ವಿಷಯವೆಲ್ಲ ಕೇಳಿದ ಮೇಲೆ.

"ಸ್ವಲ್ಪ ತಡೀರಿ," ಎಂದಳು ವಸ್ತಿನಿ. ಅವನಿಗಲ್ಲ, ತುರಿಯಾಳಿಗೆ. "ನಂದೂ ಒಂದು ಇದೆ ಅಕ್ಕ. ನಮ್ಮ ಮದುವೆ ಗುರುಗಳ ಮುಂದೆ ಆಗಿದ್ದು, ಸರ್ಕಾರದ ಪುಸ್ತಕದಲ್ಲಿಲ್ಲ. ನೀವು ಇವರ ಹೆಂಡತಿ ಆಗಿರೋವರೆಗೂ ಬರೆಯೋ ಹಾಗಿಲ್ಲ. ಈ ಮಗೂನ ಜನನ ಪತ್ರದಲ್ಲಿ ಅಪ್ಪನ ಜಾಗ ಖಾಲಿ. ನಾಳೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಎಲ್ಲರ ಮುಂದೆ ಕೇಳ್ತಾರೆ. ನೀವು ಇವರನ್ನ ಕೋರ್ಟಲ್ಲಿ ಬಿಟ್ಟುಬಿಡಿ. ಆಮೇಲೆ ನಿಮಗೆ ಸಹಿ."

"ಮೊದಲು ಬಿಟ್ರೆ ನನ್ನ ಅರ್ಜಿಯೇ ಬಿದ್ದೋಗುತ್ತಮ್ಮ. ಅದರಲ್ಲಿ ಗಂಡ ಹೆಂಡತಿ ಅಂತ ಬರೆದಿದೆ. ಮೊದಲು ಸಹಿ, ಆಮೇಲೆ ಕೋರ್ಟು."

"ಮನೆ ಕೈಗೆ ಬಂದ್ಮೇಲೆ ನೀವು ಕೋರ್ಟಿಗೆ ಯಾಕೆ ಹೋಗ್ತೀರ?"

"ಸಹಿ ಹಾಕಿದ ಮೇಲೆ ಇವರು ಅರ್ಧ ಮನೆ ನಂದು ಅಂದ್ರೆ ನಾನೇನು ಮಾಡಲಿ?"

ಇಬ್ಬರೂ ಒಮ್ಮೆಲೇ ಚಸ್ಮಾದಿಯ ಕಡೆ ನೋಡಿದರು. ಅವನು ವಾಹ್ಯುವನ್ನು ಹೆಗಲ ಮೇಲೆ ಕೂರಿಸಿಕೊಂಡು, ನೀವಿಬ್ಬರೂ ಹೇಗೆ ಹೇಳ್ತೀರೋ ಹಾಗೆ ಅಂದ.

ಕೊನೆಗೆ ಒಪ್ಪಂದ ಮಾಡಿಕೊಂಡವರು ಆ ಇಬ್ಬರು ಹೆಂಗಸರೇ. ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು, ಗುರುವಾರ ಸಹಿ, ಹದಿನೈದು ದಿನದೊಳಗೆ ಕೋರ್ಟಿಗೆ ಅರ್ಜಿ, ಮನೆಯಲ್ಲಿ ಚಸ್ಮಾದಿಗೆ ಪಾಲಿಲ್ಲ ಎಂದು ತುರಿಯಾ ಬರೆದಳು. ಮೂವರೂ ಸಹಿ ಮಾಡಿದರು. ಅದಕ್ಕೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಹೊರಡುವಾಗ ವಸ್ತಿನಿ ಒಣಮೀನಿನ ಪೊಟ್ಟಣ ಕೊಟ್ಟಳು. ಬೇಡವೆನ್ನಲು ತುರಿಯಾಳಿಗೆ ತ್ರಾಣ ಇರಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಬ್ಯಾಂಕಿನ ಸಭಾಂಗಣ ತುಂಬಿತ್ತು. ಮೂವತ್ತು ಜೋಡಿಗಳು, ಕೈಗೂಸುಗಳು, ಹೊಸ ಬಾಟಿಕ್ ಅಂಗಿಗಳು. ತುರಿಯಾಳ ಪಕ್ಕದ ಕುರ್ಚಿಯ ಮೇಲೆ ಅವಳ ಚೀಲವಿತ್ತು. ಒಬ್ಬೊಬ್ಬರ ಹೆಸರು ಕರೆದಂತೆ ಗಂಡ ಮುಂದೆ ಹೆಂಡತಿ ಹಿಂದೆ, ಕೆಲವರು ಹೆಂಡತಿ ಮುಂದೆ ಗಂಡ ಹಿಂದೆ ಎದ್ದು ಹೋಗಿ, ನೋಟರಿಯ ಮೇಜಿನ ಮುಂದೆ ಕೂತು, ಸಹಿ ಮೇಲೆ ಸಹಿ ಹಾಕಿ ಕೈ ಕೊಡವುತ್ತ ಬರುತ್ತಿದ್ದರು. ಹತ್ತು ಗಂಟೆಯಾಯಿತು. ಹತ್ತೂವರೆಯಾಯಿತು. ವಸ್ತಿನಿಗೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ತುರಿಯಾ ಬಾಗಿಲಿಗೂ ಕುರ್ಚಿಗೂ ಎಷ್ಟು ಸಲ ನಡೆದಳೋ, ಕಾವಲುಗಾರ ನೀರು ತಂದುಕೊಟ್ಟ.

ಹನ್ನೊಂದಕ್ಕೆ ವಸ್ತಿನಿ ಬಂದಳು. ಹೆಗಲ ಮೇಲೆ ನಿದ್ದೆ ಹೋದ ವಾಹ್ಯು. ಹಿಂದೆ ಯಾರೂ ಇಲ್ಲ. ಹತ್ತಿರ ಬರುವವರೆಗೂ ತುರಿಯಾ ಅವಳ ಹಿಂದಿನ ಬಾಗಿಲನ್ನೇ ನೋಡುತ್ತಿದ್ದಳು.

"ಚಿಕಾಂಪೆಕ್ ಹತ್ತಿರ ಬಸ್ಸು ನಿಲ್ಲಿಸಿದಾಗ ಮೂತ್ರಕ್ಕೆ ಅಂತ ಇಳಿದ್ರು ಅಕ್ಕ," ಎಂದಳು ವಸ್ತಿನಿ. ಅವಳ ತುಟಿ ಒಣಗಿತ್ತು. "ಹತ್ತಲೇ ಇಲ್ಲ. ಡ್ರೈವರ್ ಹಾರನ್ ಹೊಡೆದ, ನಾನು ಇಳಿದು ಹುಡುಕಿದೆ. ಆ ಬಸ್ಸು ಹೋಯ್ತು. ಇನ್ನೊಂದು ಹಿಡಿದು ಬಂದೆ. ಚೀಟಿ ಮಾತ್ರ ನನ್ನ ಹತ್ರನೇ ಇದೆ. ಅವರ ಕೈಗೆ ಕೊಟ್ಟಿರಲಿಲ್ಲ."

ಚಸ್ಮಾದಿಯ ಗುರುತಿನ ಚೀಟಿಯನ್ನು ತುರಿಯಾಳ ಅಂಗೈಯಲ್ಲಿಟ್ಟಳು. ಮನುಷ್ಯ ಇಲ್ಲ, ಚೀಟಿ ಇದೆ. ತುರಿಯಾ ಅದನ್ನು ಹಿಡಿದು ನಿಂತೇ ಇದ್ದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮಗಳಿಗೆ ಏನು ಹೇಳಲಿ ಎನ್ನುವುದೊಂದೇ ತಲೆಯಲ್ಲಿ ಗಿರ್ರನೆ ತಿರುಗುತ್ತಿತ್ತು. ಬೆಳಿಗ್ಗೆ ನಿಂಗ್ರುಮ್ ಕೇಳದೆಯೇ ತಟ್ಟೆ ಬಟ್ಟಲುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಡಬ್ಬದಲ್ಲಿ ಜೋಡಿಸಿ, ಡಬ್ಬದ ಮೇಲೆ 'ನಮ್ಮ ಅಡುಗೆಮನೆ' ಎಂದು ಬರೆದು ಶಾಲೆಗೆ ಹೋಗಿದ್ದಳು.

ಯೋಪಿ ಬಂದು ಚೀಟಿ ಇಸಿದುಕೊಂಡು ನೋಡಿದ. ಇನ್ನು ಐದು ಜೋಡಿ ಆದಮೇಲೆ ನಿಮ್ಮದು, ಇವತ್ತು ತಪ್ಪಿದರೆ ಈ ಮನೆ ಕಾಯುವ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ, ಈ ವರ್ಷದ ಲೆಕ್ಕ ಇವತ್ತಿಗೆ ಮುಗಿಯಿತು ಎಂದ. ಅವಳೇ ಹೇಳಲಿ ಎಂದು ಕಾದ.

"ಮಾಡಿಬಿಡಿ ಅಕ್ಕ," ಎಂದು ವಸ್ತಿನಿ ಪಿಸುಗುಟ್ಟಿದಳು. "ಅವರಿದ್ರೂ ಅಷ್ಟೇ, ಇನ್ನೊಬ್ಬನಾದ್ರೂ ಅಷ್ಟೇ."

ತುರಿಯಾ ಹೂಂ ಎಂದು ತಲೆಯಾಡಿಸಿದಳು.

ಬ್ಯಾಂಕಿನ ಮುಂದೆ ವಾಹನ ನಿಲ್ಲಿಸಿಕೊಡುವವನೊಬ್ಬನನ್ನು ಯೋಪಿ ಕರೆತಂದ. ಐವತ್ತರ ಆಸುಪಾಸಿನ ಸಣಕಲ ಮನುಷ್ಯ. ಯೋಪಿಯ ಕಾರಿನ ಡಿಕ್ಕಿಯಿಂದ ಇಸ್ತ್ರಿ ಮಾಡಿದ ಬಾಟಿಕ್ ಅಂಗಿಯೊಂದು ಬಂತು. ಅದು ಅಲ್ಲಿ ಮೊದಲೇ ಇತ್ತು ಎನ್ನುವುದರಿಂದಲೇ ಹೀಗೆ ಮಾಡುವವರಲ್ಲಿ ತಾನು ಮೊದಲಿನವಳಲ್ಲ ಎಂದು ತುರಿಯಾಳಿಗೆ ತಿಳಿಯಿತು. ಆ ಮನುಷ್ಯ ಸಂಕೋಚದಿಂದ, ನನ್ನ ಹೆಸರು ಏನು ಅಂದ್ರಿ ಎಂದು ಕೇಳಿದ. ವಸ್ತಿನಿಯೇ ಹೇಳಿಕೊಟ್ಟಳು. ಹುಟ್ಟಿದ ತಾರೀಖು ಹೇಳಿಕೊಟ್ಟಳು, ಅಪ್ಪನ ಹೆಸರು ಹೇಳಿಕೊಟ್ಟಳು. ತುರಿಯಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಹೆಸರು ಕರೆದರು. ನೋಟರಿ ಕನ್ನಡಕದ ಹಿರಿಯ ಹೆಂಗಸು. ಬೆಳಗಿನಿಂದ ಒಂದೇ ಕರಾರನ್ನು ಮತ್ತೆ ಮತ್ತೆ ಓದಿ ಗಂಟಲು ಕಟ್ಟಿತ್ತು. ಆದರೂ ಬಿಡದೆ ಓದಿದರು. ಹದಿನಾರು ವರ್ಷದ ಅವಧಿ. ಕಂತು ತಪ್ಪಿದರೆ ಮನೆ ಬ್ಯಾಂಕಿನದು. ಇಬ್ಬರ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಪಕ್ಕದಲ್ಲಿ ಕೂತವನಿಂದ ಲವಂಗದ ಸಿಗರೇಟಿನ ವಾಸನೆ ಬರುತ್ತಿತ್ತು. ಚಸ್ಮಾದಿಯವರೇ, ಒಪ್ಪಿಗೆಯೇ ಎಂದು ನೋಟರಿ ಕೇಳಿದರು. ಒಪ್ಪಿಗೆ ಎಂದ ಅವನು. ತುರಿಯಾ ಮೊದಲು ಸಹಿ ಮಾಡಿದಳು, ಆರು ಕಡೆ. ಅವನೂ ಆರು ಕಡೆ ಮಾಡಿದ. ಮುಗಿಯಿತು ಎಂದು ಅವಳು ಉಸಿರು ಬಿಡುವಷ್ಟರಲ್ಲಿ ನೋಟರಿ ಶಾಯಿಯ ಡಬ್ಬಿ ತೆರೆದು ಮುಂದಕ್ಕೆ ತಳ್ಳಿದರು. ಇಬ್ಬರ ಹೆಬ್ಬೆಟ್ಟೂ ಬೇಕು.

ಅವನು ಹೆಬ್ಬೆರಳನ್ನು ಶಾಯಿಗೆ ಅದ್ದಿ ಎತ್ತಿದ. ದಪ್ಪ ಉಗುರು, ಗಂಟು ಬಿದ್ದ ಗೆಣ್ಣು. ತುರಿಯಾ ಆ ಬೆರಳನ್ನೇ ನೋಡಿದಳು. ಸಹಿಯನ್ನು ಯಾರೂ ಹೇಗೂ ಗೀಚಬಹುದು. ಇದು ಹಾಗಲ್ಲ. ಇದು ಇವನದೇ ಎಂದು ಹದಿನಾರು ವರ್ಷದ ಮೇಲೂ ಹೇಳುತ್ತದೆ. ನಾಳೆ ಚಸ್ಮಾದಿ ಬಂದು ಇದು ನನ್ನ ಬೆರಳಲ್ಲ ಅಂದರೆ ಸಾಕು. ಯೋಪಿ ಅಂದರೂ ಸಾಕು, ಈ ಮನುಷ್ಯ ಅಂದರೂ ಸಾಕು. ಕಂತು ಕಟ್ಟುತ್ತ ಕಟ್ಟುತ್ತ, ಬಾಗಿಲು ತಟ್ಟಿದ ಸದ್ದಾದಾಗಲೆಲ್ಲ ಬೆಚ್ಚಿಬೀಳಬೇಕು. ಏಳು ಕೋಣೆಗಳಿಂದ ಅವರನ್ನು ಎಬ್ಬಿಸಿದವರು ಮಾಲೀಕರು. ಇಲ್ಲಿಂದ ಯಾರು ಬೇಕಾದರೂ ಎಬ್ಬಿಸಬಹುದು.

ಅವಳು ಅವನ ಮಣಿಕಟ್ಟು ಹಿಡಿದಳು.

"ಇವರು ನನ್ನ ಗಂಡ ಅಲ್ಲ ಅಮ್ಮ," ಎಂದಳು. ಸ್ವರ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. "ನನ್ನ ಗಂಡ ಬರಲಿಲ್ಲ."

ನೋಟರಿ ಕನ್ನಡಕ ತೆಗೆದರು. ಯೋಪಿ ಏನೋ ಹೇಳಹೊರಟವನನ್ನು ಕೈ ಸನ್ನೆಯಿಂದಲೇ ತಡೆದರು. ಸಹಿಯಾದ ಹಾಳೆಗಳನ್ನು ಒಂದೊಂದಾಗಿ ಅಡ್ಡಡ್ಡ ಹರಿದರು. ಆಮೇಲೆ ತುರಿಯಾಳ ಕಡೆ ಬಾಗಿ ಹೇಳಿದರು: "ನಾನು ಪೊಲೀಸರಿಗೆ ಹೇಳಬೇಕು, ಗೊತ್ತಾ? ಹೇಳಲ್ಲ. ಎದ್ದು ಹೋಗಮ್ಮ. ಧಾರ್ಮಿಕ ಕೋರ್ಟಿಗೆ ಹೋಗು, ವಿಚ್ಛೇದನದ ಕಾಗದ ತಗೊಂಡು ಒಬ್ಬಳೇ ಬಾ. ಒಬ್ಬಳೇ ಬಂದ್ರೂ ಮನೆ ಕೊಡ್ತಾರೆ. ನಿನಗೆ ಇದನ್ನ ಯಾರೂ ಹೇಳಲಿಲ್ವಾ?"

ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಬಾಗಿಲ ಹತ್ತಿರ ಯೋಪಿ ಅವಳನ್ನು ಅಡ್ಡಗಟ್ಟಿ, ನನ್ನ ಕೆಲಸಕ್ಕೆ ಕಲ್ಲು ಹಾಕಿದಿರಿ, ಇನ್ನು ಈ ಊರಲ್ಲಿ ಯಾವ ಕಂಪನಿಯೂ ನಿಮ್ಮ ಅರ್ಜಿ ಮುಟ್ಟದ ಹಾಗೆ ಮಾಡುತ್ತೇನೆ ಎಂದ. ಕೂಲಿಗೆ ಬಂದ ಮನುಷ್ಯ ಅಂಗಿ ಬಿಚ್ಚಿಕೊಟ್ಟು, ಶಾಯಿಯ ಬೆರಳನ್ನು ಗೋಡೆಗೆ ಒರೆಸಿ, ತನ್ನ ಕೂಲಿ ಕೇಳದೆ ಹೊರಟುಹೋದ. ಆಗ ತುರಿಯಾಳಿಗೆ ಅಳು ಬಂತು. ಮೆಟ್ಟಿಲ ಮೇಲೆ ಕೂತು, ಒಳಗಿಂದ ಮನೆ ಪಡೆದವರು ದಾಟಿ ದಾಟಿ ಹೋಗುತ್ತಿರುವಾಗ ಅತ್ತಳು. ವಸ್ತಿನಿ ಅವಳನ್ನು ಸಮಾಧಾನ ಮಾಡಲಿಲ್ಲ. ತಾನೂ ಪಕ್ಕದಲ್ಲಿ ಕೂತು ಮಗುವಿಗೆ ಬಾಳೆಹಣ್ಣು ಸುಲಿದು ಕೊಟ್ಟಳು.

"ನಂದೂ ಹೋಯ್ತು ಅಕ್ಕ," ಎಂದಳು. "ಮನೆ ಇಲ್ಲ ಅಂದ್ಮೇಲೆ ನೀವು ಕೋರ್ಟಿಗೆ ಯಾಕೆ ಹೋಗ್ತೀರ."

"ಹೋಗ್ತೀನಿ," ಎಂದಳು ತುರಿಯಾ. "ನಾಳೆನೇ ಹೋಗ್ತೀನಿ. ನೀನು ಸಾಕ್ಷಿ ಹೇಳ್ತೀಯಾ?"

ವಸ್ತಿನಿ ಮೂರು ದಿನ ತುರಿಯಾಳ ಕೋಣೆಯಲ್ಲೇ ಉಳಿದಳು. ಮೊದಲ ದಿನ ನಿಂಗ್ರುಮ್ ತಾನು ಕಟ್ಟಿದ ಡಬ್ಬ ಬಿಚ್ಚಿ ತಟ್ಟೆಗಳನ್ನು ಮತ್ತೆ ಕಪಾಟಿಗೆ ಜೋಡಿಸಿದಳು, ಯಾರೊಡನೆಯೂ ಮಾತಾಡಲಿಲ್ಲ. ಎರಡನೆಯ ದಿನ ವಾಹ್ಯುವಿಗೆ ಅನ್ನ ತಿನ್ನಿಸಿದಳು. ಇವನು ನನಗೇನಾಗಬೇಕು ಎಂದು ಅಮ್ಮನನ್ನು ಕೇಳಿದಳು. ತಮ್ಮ ಎಂದಳು ತುರಿಯಾ. ಹುಡುಗಿ ಅವನ ಕಿವಿ ಹಿಡಿದು ನೋಡಿ, ಗೊತ್ತಾಗುತ್ತೆ ಅಂದಳು.

ಕೋರ್ಟು ಐದು ತಿಂಗಳು ಹಿಡಿಯಿತು. ಚಸ್ಮಾದಿಗೆ ಕರೆ ಕಳಿಸಿದರು, ಬರಲಿಲ್ಲ. ಮತ್ತೆ ಕಳಿಸಿದರು, ಬರಲಿಲ್ಲ. ಸಾಕ್ಷಿಯ ದಿನ ನ್ಯಾಯಾಧೀಶರು ವಸ್ತಿನಿಯನ್ನು ನೀನು ಇವಳಿಗೇನಾಗಬೇಕು ಎಂದು ಕೇಳಿದಾಗ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಇಬ್ಬರ ಮುಖವನ್ನೂ ನೋಡಿ, ಮತ್ತೆ ಬರೆದುಕೊಂಡರು. ವಿಚ್ಛೇದನ ಸಿಕ್ಕಿತು. ಅಷ್ಟರಲ್ಲಿ ಹಳೆಯ ಕೋಣೆಗಳನ್ನು ಕೆಡವಿದ ಜಾಗದಲ್ಲಿ ಲಾರಿ ನಿಂತಿದ್ದವು. ತಾಯಿ ಮಗಳು ಎಂಟನೆಯ ಕೋಣೆಗೆ ಹೋಗಿದ್ದರು, ಕಿಟಕಿಯಿಲ್ಲದ್ದು.

ಕೋರ್ಟಿನ ಕಾಗದದ ಪ್ರತಿ ಹಿಡಿದು ವಸ್ತಿನಿ ಊರಿಗೆ ಹೋದವಳು, ದೋಣಿಯಿಂದ ಇಳಿದ ಚಸ್ಮಾದಿಯನ್ನು ಮನೆಗೂ ಬಿಡದೆ ನೇರ ಮದುವೆ ನೋಂದಣಿ ಕಚೇರಿಗೆ ನಡೆಸಿದಳಂತೆ. ಅವನು ಆಗಲಿ ಅಂದನಂತೆ. ಈ ಸಲ ಅವಳ ಇಬ್ಬರು ಅಣ್ಣಂದಿರು ಎಡಬಲದಲ್ಲಿ ಇದ್ದರು. ಮಗುವಿನ ಹೆಸರಿನ ಮುಂದೆ ಅಪ್ಪನ ಹೆಸರು ಬಂತು. ಅಪ್ಪ ಎಷ್ಟು ದಿನ ಇರುತ್ತಾನೋ ಅದು ಬೇರೆ ಮಾತು ಎಂದು ವಸ್ತಿನಿಯೇ ಫೋನಿನಲ್ಲಿ ಹೇಳಿದಳು.

ತುರಿಯಾ ಮೂರು ಕಂಪನಿಗಳಿಗೆ ಅರ್ಜಿ ಕೊಟ್ಟಳು. ಎರಡು ಕಡೆ ಕಾರಣ ಹೇಳದೆ ತಿರಸ್ಕರಿಸಿದರು. ಯೋಪಿಯ ಕೈವಾಡವೋ ಅಲ್ಲವೋ ತಿಳಿಯಲಿಲ್ಲ. ಮೂರನೆಯದು ಒಪ್ಪಿತು: ಮಾಜಾ ಊರಿನ ಕಡೆ, ಗದ್ದೆಗಳ ನಡುವೆ ಎದ್ದ ಮನೆಗಳು, ಕೊನೆಯ ಸಾಲಿನಲ್ಲಿ ಚರಂಡಿಯ ಪಕ್ಕ ಒಂದು. ಒಂದು ವರ್ಷ ಕಳೆದದ್ದರಿಂದ ಸಾಲದ ಅವಧಿಯಲ್ಲಿ ಒಂದು ವರ್ಷ ಕಡಿಮೆಯಾಗಿ ಕಂತು ಏರಿತು. ಐವತ್ತೈದು ವರ್ಷವಾದರೆ ಕಾರ್ಖಾನೆ ಮನೆಗೆ ಕಳಿಸುತ್ತದೆ, ಅಷ್ಟರೊಳಗೆ ತೀರಬೇಕು. ಕರಾರಿನ ಮೇಜಿನ ಮುಂದೆ ಅವಳು ಒಬ್ಬಳೇ ಕೂತಳು. ಜೊತೆಗೆ ಯಾರಿದ್ದಾರೆ ಎಂದು ಗುಮಾಸ್ತ ಕೇಳಿದ. ಯಾರೂ ಇಲ್ಲ ಎಂದಳು. ಅವನು ಒಂದು ಗೀಟು ಎಳೆದು ಮುಂದಕ್ಕೆ ಹೋದ.

ಈಗ ಕಾರ್ಖಾನೆಗೆ ರೈಲು ಬಸ್ಸು ಸೇರಿ ಎರಡು ಗಂಟೆಯ ದಾರಿ. ನಾಲ್ಕಕ್ಕೆ ಏಳುತ್ತಾಳೆ. ಈ ವರ್ಷ ಅವಳ ಸಾಲಿನ ಎಂಟು ಮಂದಿಯನ್ನು ಕೆಲಸದಿಂದ ತೆಗೆದರು; ಕಾರ್ಖಾನೆಯೇ ಮಧ್ಯ ಜಾವಾಕ್ಕೆ ಹೋಗುತ್ತದೆ ಎನ್ನುವ ಸುದ್ದಿ ಇದೆ. ಹೋದರೆ ಏನು ಮಾಡ್ತೀಯ ಎಂದು ಗೆಳತಿಯರು ಕೇಳಿದರೆ, ಅದನ್ನು ಸಂಬಳದ ದಿನ ಕೇಳಬೇಡಿ ಅನ್ನುತ್ತಾಳೆ. ನಿಂಗ್ರುಮ್ ತನ್ನ ಕೋಣೆಯ ಗೋಡೆಗೆ ತಾನೇ ಹಸಿರು ಬಣ್ಣ ಬಳಿದಳು, ಅರ್ಧಕ್ಕೆ ಬಣ್ಣ ಮುಗಿಯಿತು. ಮುಂದಿನ ತಿಂಗಳು ಇನ್ನೊಂದು ಡಬ್ಬ ತರೋಣ ಎಂದು ತುರಿಯಾ ಪ್ರತಿ ತಿಂಗಳೂ ಹೇಳುತ್ತಾಳೆ.